ಎರಡು ವರ್ಷದ ಸ್ಪ್ಯಾನಿಷ್

ಅಮೆರಿಕದ ಹೈಸ್ಕೂಲುಗಳಲ್ಲಿ ಎಲ್ಲರಿಗೂ ಪರಿಚಿತವಾದ ಒಂದು ತರಗತಿಯಿದೆ. ಅದರ ಹೆಸರು 'ಸ್ಪ್ಯಾನಿಷ್ ಎರಡು'. ಒಂಬತ್ತನೆಯ ತರಗತಿಯಲ್ಲಿ ಸ್ಪ್ಯಾನಿಷ್ ಆರಿಸಿಕೊಂಡ ಹುಡುಗ ಹುಡುಗಿಯರು ಮರುವರ್ಷ ಈ ತರಗತಿಯಲ್ಲಿ ಕೂರುತ್ತಾರೆ. ವಯಸ್ಸು ಹದಿನೈದೋ ಹದಿನಾರೋ ಇರುತ್ತದೆ. ಮೊದಲ ವರ್ಷ ಬಣ್ಣಗಳ ಹೆಸರು, ವಾರಗಳ ಹೆಸರು, ಅಂಗಡಿಯಲ್ಲಿ ಬೆಲೆ ಕೇಳುವ ಮಾತು, ವರ್ತಮಾನ ಕಾಲದ ಕ್ರಿಯಾಪದಗಳು ಇಷ್ಟರಲ್ಲಿ ಕಳೆದಿರುತ್ತದೆ. ವ್ಯಾಕರಣದ ನಿಜವಾದ ಏರು ಶುರುವಾಗುವುದು ಎರಡನೆಯ ವರ್ಷದಲ್ಲಿ. ಅನೇಕರು ಸ್ಪ್ಯಾನಿಷ್ ಭಾಷೆಗೆ ಕೈಮುಗಿದು ಹೊರಬೀಳುವುದೂ ಆ ವರ್ಷದ ಕೊನೆಯಲ್ಲೇ.

ಆ ಏರು ಯಾವುದು ಎಂಬುದನ್ನು ನಾವು, ಕನ್ನಡದವರು, ಬಹಳ ಬೇಗ ಅರ್ಥ ಮಾಡಿಕೊಳ್ಳಬಲ್ಲೆವು. ಸ್ಪ್ಯಾನಿಷ್‌ನಲ್ಲಿ ಭೂತಕಾಲ ಎರಡು ಬಗೆ. ಅಜ್ಜಿ ನಿನ್ನೆ ಒಂದು ಕಥೆ ಹೇಳಿದಳು ಎನ್ನಬೇಕಾದರೆ 'ಕೊಂತೊ' ಎನ್ನಬೇಕು. ಚಿಕ್ಕಂದಿನಲ್ಲಿ ಅಜ್ಜಿ ಕಥೆ ಹೇಳುತ್ತಿದ್ದಳು ಎನ್ನಬೇಕಾದರೆ 'ಕೊಂತಾಬ' ಎನ್ನಬೇಕು. 'ಹೇಳಿದಳು', 'ಹೇಳುತ್ತಿದ್ದಳು' ಇವೆರಡರ ನಡುವಿನ ಅಂತರವನ್ನು ನಮಗೆ ಯಾರೂ ಪಾಠ ಹೇಳಿ ಕಲಿಸಿಲ್ಲ. ಇಂಗ್ಲಿಷ್ ಮಾತ್ರ ಬಲ್ಲ ಹುಡುಗನಿಗೆ ಎರಡು ಕಡೆಯೂ ಒಂದೇ 'ಟೋಲ್ಡ್' ಸಾಕಾಗಿರುವುದರಿಂದ ಅವನು ಇಲ್ಲಿ ತಿಂಗಳುಗಟ್ಟಲೆ ತಿಣುಕುತ್ತಾನೆ. 'ನನಗೆ ಈ ಪುಸ್ತಕ ಇಷ್ಟ' ಎಂಬುದಕ್ಕೆ ಸ್ಪ್ಯಾನಿಷ್‌ನವರು 'ಮೆ ಗುಸ್ತಾ ಎಸ್ತೆ ಲಿಬ್ರೊ' ಎನ್ನುತ್ತಾರೆ. ಇಷ್ಟಪಡುವವನು ಅಲ್ಲಿ ಕರ್ತೃವಲ್ಲ. ನಮ್ಮಲ್ಲಿ ಹೇಗೆ 'ನಾನು' ಹೋಗಿ 'ನನಗೆ' ಬರುತ್ತದೋ ಹಾಗೆ. ಇಂಗ್ಲಿಷ್ ಕಿವಿಗೆ ಇದು ತಲೆಕೆಳಗಾದ ವಾಕ್ಯ, ನಮಗೆ ಮನೆಮಾತಿನ ವಾಕ್ಯ. 'ಆಬ್ಲೊ' ಎಂದರೆ 'ಮಾತನಾಡುತ್ತೇನೆ'. 'ನಾನು' ಎಂದು ಬೇರೆ ಹೇಳಬೇಕಾಗಿಲ್ಲ, ಪ್ರತ್ಯಯದಲ್ಲೇ ಅದು ಅಡಗಿದೆ. 'ತು', 'ಉಸ್ತೇದ್' ಎಂಬ ಭೇದ ನಮ್ಮ 'ನೀನು', 'ನೀವು' ಭೇದಕ್ಕೆ ಬಲು ಹತ್ತಿರ. ವರ್ಷದ ಕೊನೆಯಲ್ಲಿ ಮಕ್ಕಳನ್ನು ಹೆದರಿಸುವ ಇನ್ನೊಂದು ರೂಪವಿದೆ: 'ವಿಯೆನೆ' ಎಂದರೆ 'ಬರುತ್ತಾನೆ', 'ವೆಂಗ' ಎಂದರೆ 'ಬರಲಿ'. ಅವನು ಬರಲಿ ಎಂದು ನನ್ನ ಆಸೆ ಎನ್ನುವಾಗ 'ವಿಯೆನೆ' ಸಲ್ಲದು, 'ವೆಂಗ'ವೇ ಬೇಕು. ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಸ್‌ನಲ್ಲೋ ನೆಲೆಸಿದ ಕನ್ನಡಿಗರ ಮಕ್ಕಳು ಮನೆಯಲ್ಲಿ ಕನ್ನಡ ಉಳಿಸಿಕೊಂಡಿದ್ದರೆ ಈ ತರಗತಿಯ ಅರ್ಧ ಭಾರ ಅವರಿಗೆ ಇಳಿದಂತೆಯೇ.

ಆದರೆ ಈ ಲೇಖನದ ವಿಷಯ ವ್ಯಾಕರಣವಲ್ಲ. ಈ ತರಗತಿ ಎಲ್ಲಿಂದ ಬಂತು, ಅದಕ್ಕೆ ಎರಡೇ ವರ್ಷದ ಆಯುಸ್ಸು ಹೇಗೆ ನಿಗದಿಯಾಯಿತು ಎಂಬುದು. ಅದಕ್ಕಿಂತ ಮುಖ್ಯವಾಗಿ, ಸ್ಪ್ಯಾನಿಷ್ ಕಲಿಯಿರಿ ಎಂದು ಕೆಲವು ಮಕ್ಕಳಿಗೆ ಅಂಕ ಕೊಟ್ಟ ಶಾಲೆಗಳೇ ಸ್ಪ್ಯಾನಿಷ್ ಮಾತನಾಡಿದ್ದಕ್ಕಾಗಿ ಬೇರೆ ಮಕ್ಕಳಿಗೆ ಏಟು ಕೊಟ್ಟದ್ದು ಹೇಗೆ ಎಂಬುದು.

ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲದಲ್ಲಿ ಸ್ಪ್ಯಾನಿಷ್ ವಿದೇಶಿ ಭಾಷೆ ಎನ್ನುವುದೇ ಒಂದು ವಿಚಿತ್ರ. ಫ್ಲಾರಿಡಾದ ಸೇಂಟ್ ಅಗಸ್ಟೀನ್ ಊರನ್ನು ಸ್ಪೇನ್‌ನವರು ಕಟ್ಟಿದ್ದು 1565ರಲ್ಲಿ. ಇಂಗ್ಲಿಷರು ಜೇಮ್ಸ್‌ಟೌನ್‌ನಲ್ಲಿ ಕಾಲೂರಿದ್ದು 1607ರಲ್ಲಿ. 1848ರಲ್ಲಿ ಮೆಕ್ಸಿಕೊ ಯುದ್ಧ ಮುಗಿದು ಗ್ವಾದಲೂಪೆ ಇದಾಲ್ಗೊ ಒಪ್ಪಂದವಾದಾಗ ಕ್ಯಾಲಿಫೋರ್ನಿಯಾದಿಂದ ನ್ಯೂ ಮೆಕ್ಸಿಕೊವರೆಗಿನ ಸೀಮೆ ಅಮೆರಿಕದ ಪಾಲಾಯಿತು. ಅಲ್ಲಿ ಸ್ಪ್ಯಾನಿಷ್ ಆಡುತ್ತಿದ್ದ ಜನ ಗಡಿ ದಾಟಿ ಬಂದವರಲ್ಲ, ಗಡಿಯೇ ಅವರನ್ನು ದಾಟಿ ದಕ್ಷಿಣಕ್ಕೆ ಸರಿದಿತ್ತು. 1849ರ ಕ್ಯಾಲಿಫೋರ್ನಿಯಾ ಸಂವಿಧಾನ ಕಾನೂನುಗಳನ್ನು ಎರಡೂ ಭಾಷೆಗಳಲ್ಲಿ ಪ್ರಕಟಿಸಬೇಕೆಂದು ವಿಧಿಸಿತ್ತು. ಮೂವತ್ತು ವರ್ಷಗಳ ನಂತರ, 1879ರ ಹೊಸ ಸಂವಿಧಾನದಲ್ಲಿ, ಆ ಮಾತು ಮಾಯವಾಯಿತು.

ಪೂರ್ವ ಕರಾವಳಿಯ ವಿದ್ಯಾವಂತರಿಗೆ ಈ ಸ್ಪ್ಯಾನಿಷ್ ಕಾಣಿಸಲಿಲ್ಲ. ಅವರಿಗೆ ಕಂಡದ್ದು ಪುಸ್ತಕದ ಸ್ಪ್ಯಾನಿಷ್. ಥಾಮಸ್ ಜೆಫರ್ಸನ್ 1787ರಲ್ಲೇ ತನ್ನ ಸೋದರಳಿಯನಿಗೆ ಸ್ಪ್ಯಾನಿಷ್ ಕಲಿಯುವಂತೆ ಕಾಗದ ಬರೆದಿದ್ದ. ಅಮೆರಿಕ ಖಂಡದ ಹಳೆಯ ಚರಿತ್ರೆ ಹೆಚ್ಚಾಗಿ ಆ ಭಾಷೆಯಲ್ಲಿದೆ ಎಂಬುದು ಅವನ ಒಂದು ಕಾರಣ. ತಾನು ಯೂರೋಪಿಗೆ ಹೋಗುವಾಗ ಹಡಗಿನಲ್ಲಿ ಒಂದು ವ್ಯಾಕರಣ ಪುಸ್ತಕ, ಒಂದು 'ಡಾನ್ ಕಿಹೋಟೆ' ಇಟ್ಟುಕೊಂಡು ಹತ್ತೊಂಬತ್ತು ದಿನಗಳಲ್ಲಿ ಸ್ಪ್ಯಾನಿಷ್ ಕಲಿತೆನೆಂದು ಅವನು ಹೇಳಿಕೊಂಡದ್ದನ್ನು ಜಾನ್ ಕ್ವಿನ್ಸಿ ಆಡಮ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಜೊತೆಗೆ, ಈ ಮಹನೀಯರು ದೊಡ್ಡ ದೊಡ್ಡ ಕಥೆ ಹೇಳುವವರು ಎಂಬ ಅರ್ಥದ ಟಿಪ್ಪಣಿಯನ್ನೂ ಸೇರಿಸಿದ್ದಾನೆ. ಹಾರ್ವರ್ಡ್‌ನಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್‌ಗೆ ಒಂದು ಪೀಠ ಸ್ಥಾಪನೆಯಾಯಿತು. ಅದರ ಮೊದಲ ಪ್ರಾಧ್ಯಾಪಕ ಜಾರ್ಜ್ ಟಿಕ್ನರ್ 1849ರಲ್ಲಿ ಸ್ಪ್ಯಾನಿಷ್ ಸಾಹಿತ್ಯ ಚರಿತ್ರೆಯನ್ನು ಪ್ರಕಟಿಸಿದ. ಅವನ ನಂತರ ಆ ಪೀಠಕ್ಕೆ ಬಂದವನು ಕವಿ ಲಾಂಗ್‌ಫೆಲೊ. ಇದೆಲ್ಲ ವಿಶ್ವವಿದ್ಯಾಲಯದ ಮಾತಾಯಿತು. ಹೈಸ್ಕೂಲುಗಳಲ್ಲಿ ಆಳುತ್ತಿದ್ದವು ಲ್ಯಾಟಿನ್ ಮತ್ತು ಜರ್ಮನ್. 1910ರಲ್ಲಿ ಸರ್ಕಾರಿ ಹೈಸ್ಕೂಲುಗಳ ವಿದ್ಯಾರ್ಥಿಗಳಲ್ಲಿ ಸ್ಪ್ಯಾನಿಷ್ ಓದುತ್ತಿದ್ದವರು ಶೇಕಡ 1ಕ್ಕಿಂತ ಕಡಿಮೆ. ಜರ್ಮನ್ ಓದುತ್ತಿದ್ದವರು ಹೆಚ್ಚುಕಡಿಮೆ ಕಾಲು ಭಾಗ.

ಸ್ಪ್ಯಾನಿಷ್‌ನ ಭಾಗ್ಯ ತೆರೆದದ್ದು ಎರಡು ಘಟನೆಗಳಿಂದ. 1914ರಲ್ಲಿ ಪನಾಮ ಕಾಲುವೆ ಹಡಗುಗಳಿಗೆ ತೆರೆಯಿತು. ದಕ್ಷಿಣ ಅಮೆರಿಕದ ವ್ಯಾಪಾರ ಕೈಗೆ ಬರಲಿದೆ, ಗುಮಾಸ್ತರಿಗೂ ಪ್ರತಿನಿಧಿಗಳಿಗೂ ಸ್ಪ್ಯಾನಿಷ್ ಬೇಕು ಎಂಬ ಮಾತು ಎದ್ದಿತು. ಆದರೆ ವ್ಯಾಪಾರಕ್ಕಿಂತ ಬಲವಾಗಿ ಕೆಲಸ ಮಾಡಿದ್ದು ಯುದ್ಧ. 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿದ ಮೇಲೆ ಜರ್ಮನ್ ಭಾಷೆಯೇ ಶತ್ರುವಾಯಿತು. ಅಯೋವಾ ರಾಜ್ಯದ ಗವರ್ನರ್ 1918ರಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ ಸಾರ್ವಜನಿಕ ಸ್ಥಳಗಳಲ್ಲಿ, ಟೆಲಿಫೋನಿನಲ್ಲಿ ಸಹ, ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿರಲಿಲ್ಲ. ನೆಬ್ರಾಸ್ಕಾದಲ್ಲಿ ಎಂಟನೆಯ ತರಗತಿ ದಾಟದ ಮಕ್ಕಳಿಗೆ ಅನ್ಯಭಾಷೆ ಕಲಿಸುವುದನ್ನೇ 1919ರ ಕಾನೂನು ನಿಷೇಧಿಸಿತು. ಹತ್ತು ವರ್ಷದ ಹುಡುಗನಿಗೆ ಜರ್ಮನ್‌ನಲ್ಲಿ ಬೈಬಲ್ ಕಥೆ ಓದಿಸಿದ ತಪ್ಪಿಗೆ ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯನಿಗೆ 25 ಡಾಲರ್ ದಂಡ ಬಿತ್ತು. ಅವನು ಸುಪ್ರೀಂ ಕೋರ್ಟಿನವರೆಗೆ ಹೋಗಿ 1923ರಲ್ಲಿ ಗೆದ್ದ. ಗೆಲ್ಲುವ ಹೊತ್ತಿಗೆ ಜರ್ಮನ್ ಶಾಲೆಗಳಿಂದ ತೊಲಗಿಯಾಗಿತ್ತು. 1915ರಲ್ಲಿ ಶೇಕಡ 24ರಷ್ಟಿದ್ದ ಅದರ ವಿದ್ಯಾರ್ಥಿಗಳು 1922ರಲ್ಲಿ ಶೇಕಡ 1 ಕೂಡ ಇರಲಿಲ್ಲ. ಅದೇ ಏಳು ವರ್ಷಗಳಲ್ಲಿ ಸ್ಪ್ಯಾನಿಷ್ ಶೇಕಡ 3ರ ಒಳಗಿನಿಂದ 11ಕ್ಕೆ ಏರಿತು. ಹೊಸ ಭಾಷೆಯ ಮೇಲೆ ಹುಟ್ಟಿದ ಪ್ರೀತಿಗಿಂತ ಹಳೆಯದರ ಮೇಲಿನ ದ್ವೇಷವೇ ಈ ಏರಿಕೆಗೆ ದೊಡ್ಡ ಕಾರಣವೆಂದು ನನ್ನ ಅನಿಸಿಕೆ.

1917ರಲ್ಲಿ ಸ್ಪ್ಯಾನಿಷ್ ಅಧ್ಯಾಪಕರ ಸಂಘ ಹುಟ್ಟಿತು. ಅದರ ಪತ್ರಿಕೆ 'ಹಿಸ್ಪಾನಿಯ'ಕ್ಕೆ ಮೊದಲ ಸಂಪಾದಕನಾದ ಔರೇಲಿಯೊ ಎಸ್ಪಿನೋಸ ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ. ಈತ ಸ್ಪೇನ್‌ನಿಂದ ಬಂದವನಲ್ಲ. 1880ರಲ್ಲಿ ಕೊಲರಾಡೊದ ದಕ್ಷಿಣ ಭಾಗದ ಒಂದು ಹಳ್ಳಿಯಲ್ಲಿ ಹುಟ್ಟಿದವನು, ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತ ಬೆಳೆದವನು. ನ್ಯೂ ಮೆಕ್ಸಿಕೊದ ರೈತರ, ಕುರಿಗಾಹಿಗಳ ಬಾಯಲ್ಲಿದ್ದ ಸ್ಪ್ಯಾನಿಷ್‌ನ ಧ್ವನಿ, ಪದರೂಪಗಳ ಮೇಲೆ ಅವನು ಮಾಡಿದ ಅಧ್ಯಯನ ಇಂದಿಗೂ ಮೂಲಗ್ರಂಥ. ಜನಪದ ಕಥೆಗಳನ್ನೂ ಗಾದೆಗಳನ್ನೂ ನೂರಾರು ಸಂಖ್ಯೆಯಲ್ಲಿ ಕಲೆಹಾಕಿದ. 'ನಾನು ತಂದೆ' ಎಂಬುದಕ್ಕೆ ಪಠ್ಯಪುಸ್ತಕದ ರೂಪ 'ತ್ರಾಹೆ'. ನ್ಯೂ ಮೆಕ್ಸಿಕೊದ ಹಳ್ಳಿಯವರ ರೂಪ 'ತ್ರುಹೆ'. 'ಹೀಗೆ' ಎಂಬುದಕ್ಕೆ ಪುಸ್ತಕದಲ್ಲಿ 'ಅಸಿ', ಹಳ್ಳಿಯಲ್ಲಿ 'ಅಸಿನ'. ಹಳ್ಳಿಯವರದು ಅಪಭ್ರಂಶವಲ್ಲ, ಸೆರ್ವಾಂಟಿಸ್‌ನ ಕಾಲದಲ್ಲಿ ಚಲಾವಣೆಯಲ್ಲಿದ್ದು ಗುಡ್ಡಗಾಡಿನ ಊರುಗಳಲ್ಲಿ ಹಾಗೇ ಉಳಿದುಕೊಂಡ ಹಳೆಯ ನಾಣ್ಯ. ನಮ್ಮ ಹವ್ಯಕ ಕನ್ನಡದಲ್ಲೋ ಕುಂದಾಪುರದ ಕಡೆಯ ಮಾತಿನಲ್ಲೋ ಹಳಗನ್ನಡದ ರೂಪವೊಂದು ಥಟ್ಟನೆ ಕೇಳಿಸುವುದಿಲ್ಲವೇ, ಹಾಗೆ. ಆದರೆ 'ತ್ರುಹೆ' ಎಂದು ಬರೆದ ಹುಡುಗಿಗೆ ಸ್ಪ್ಯಾನಿಷ್ ಪರೀಕ್ಷೆಯಲ್ಲಿ ಸಿಕ್ಕುವುದು ಕೆಂಪು ಶಾಯಿ.

ಇನ್ನು ಆ ಎರಡು ವರ್ಷದ ಮಾತು. ಕಾರ್ನೆಗಿ ಪ್ರತಿಷ್ಠಾನದ ಹಣದಿಂದ ಇಡೀ ದೇಶದಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯ ಫಲವಾಗಿ 1929ರಲ್ಲಿ ಷಿಕಾಗೊದ ಪ್ರಾಧ್ಯಾಪಕ ಆಲ್ಜರ್ನಾನ್ ಕೋಲ್ಮನ್ ಒಂದು ವರದಿ ಬರೆದ. ಬಹುಪಾಲು ಮಕ್ಕಳು ಯಾವುದೇ ವಿದೇಶಿ ಭಾಷೆಯನ್ನು ಓದುವುದು ಎರಡೇ ವರ್ಷ ಎಂಬುದು ಸಮೀಕ್ಷೆಯಲ್ಲಿ ಕಂಡಿತ್ತು. ಅಷ್ಟರಲ್ಲಿ ಮಾತು ಬರುವುದಿಲ್ಲ, ಬರೆಯುವುದೂ ಬರುವುದಿಲ್ಲ, ಆದ್ದರಿಂದ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿಯೊಂದನ್ನೇ ಗುರಿಯಾಗಿ ಇಟ್ಟುಕೊಳ್ಳಿರಿ ಎಂದು ವರದಿ ಸೂಚಿಸಿತು. ಪ್ರಾಮಾಣಿಕ ಸಲಹೆಯೇ ಸರಿ. ಆದರೆ ರೋಗಿ ಎರಡು ಹೆಜ್ಜೆ ಮಾತ್ರ ನಡೆಯುತ್ತಾನೆಂದು ಮನೆಗೆ ಎರಡು ಹೆಜ್ಜೆಯ ಅಂಗಳ ಕಟ್ಟಿಕೊಟ್ಟಂತಾಯಿತು ಇದು. ಇರುವ ಸ್ಥಿತಿಯೇ ಪದ್ಧತಿಯಾಯಿತು. ಮಕ್ಕಳು ಕಥೆಗಳನ್ನು ಓದಿ ಇಂಗ್ಲಿಷಿಗೆ ಅನುವಾದಿಸಿದರು, ಸ್ಪ್ಯಾನಿಷ್ ಕಿವಿಗೆ ಬೀಳದೆ ತೇರ್ಗಡೆಯಾದರು. ಲ್ಯಾಟಿನ್ ಅಮೆರಿಕದೊಂದಿಗೆ ನೆರೆಹೊರೆಯ ಸ್ನೇಹ ಬೆಳೆಸುವ ರೂಸ್‌ವೆಲ್ಟ್ ನೀತಿಯ ಗಾಳಿಯೂ ಸೇರಿ 1940ರ ದಶಕ ಮುಗಿಯುವಷ್ಟರಲ್ಲಿ ಸ್ಪ್ಯಾನಿಷ್ ಫ್ರೆಂಚನ್ನು ಹಿಂದೆ ಹಾಕಿತ್ತು.

ಅದೇ ವರ್ಷಗಳಲ್ಲಿ ಟೆಕ್ಸಸ್‌ನಲ್ಲಿ ಏನಾಗುತ್ತಿತ್ತೆಂಬುದನ್ನು ನೋಡಬೇಕು. 1918ರ ಅಲ್ಲಿನ ಕಾನೂನಿನ ಪ್ರಕಾರ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕಿತ್ತು. ಬೇರೆ ಭಾಷೆ ಬಳಸಿದ ಉಪಾಧ್ಯಾಯ ಅಪರಾಧಿ. ಹೈಸ್ಕೂಲಿನಲ್ಲಿ ಸ್ಪ್ಯಾನಿಷನ್ನು ಒಂದು ವಿಷಯವಾಗಿ ಕಲಿಸಲು ಮಾತ್ರ ಅಡ್ಡಿಯಿರಲಿಲ್ಲ. ಮೆಕ್ಸಿಕೊ ಮೂಲದ ಮಕ್ಕಳಿಗೆ ಅನೇಕ ಊರುಗಳಲ್ಲಿ ಬೇರೆಯೇ ಶಾಲೆ. ಅದಕ್ಕೆ ಕೊಡುತ್ತಿದ್ದ ನೆಪ ಭಾಷೆ: ಈ ಮಕ್ಕಳಿಗೆ ಇಂಗ್ಲಿಷ್ ಬಾರದು ಎಂಬುದು.

ಟೆಕ್ಸಸ್‌ನ ಪಶ್ಚಿಮ ತುದಿಯ ಒಣಬಯಲಿನಲ್ಲಿರುವ ಮಾರ್ಫ ಎಂಬ ಚಿಕ್ಕ ಊರಿನಲ್ಲಿ ಅಂಥ ಒಂದು ಶಾಲೆಯಿತ್ತು. ಅದರ ಹೆಸರು ಬ್ಲ್ಯಾಕ್‌ವೆಲ್ ಶಾಲೆ. ಕಟ್ಟಿದ್ದು 1909ರಲ್ಲಿ. ಆವರಣದಲ್ಲಿ ಸ್ಪ್ಯಾನಿಷ್ ಆಡಿ ಸಿಕ್ಕಿಬಿದ್ದವರಿಗೆ ಹಲಗೆಯ ಏಟು. 1954ರಲ್ಲಿ ಅಲ್ಲಿ ಒಂದು ಅಣಕು ಶವಸಂಸ್ಕಾರ ನಡೆಯಿತು. ಮಕ್ಕಳ ಕೈಯಲ್ಲಿ ಚೀಟಿಗಳನ್ನು ಬರೆಯಿಸಿ, ಒಂದು ಪೆಟ್ಟಿಗೆಯಲ್ಲಿ ಹಾಕಿಸಿ, 'ಶ್ರೀಮಾನ್ ಸ್ಪ್ಯಾನಿಷ್' ಸತ್ತನೆಂದು ಹೇಳಿ ಅದನ್ನು ಶಾಲೆಯ ನೆಲದಲ್ಲಿ ಹೂಳಿಸಿದರು. ಹೂಳಿದ ಮಕ್ಕಳು ಸಂಜೆ ಮನೆಗೆ ಹೋಗಿ ಅಮ್ಮನ ಹತ್ತಿರ ಹಸಿವು ಎಂದು ಹೇಳಿದ್ದು ಯಾವ ಭಾಷೆಯಲ್ಲಿ ಎಂದು ಕೇಳುವವರು ಯಾರೂ ಇರಲಿಲ್ಲ. ಕನ್ನಡ ಆಡಿದರೆ ದಂಡ ಹಾಕುವ ಇಂಗ್ಲಿಷ್ ಶಾಲೆಗಳನ್ನು ಬಲ್ಲ ನಮಗೆ ಇದು ತೀರ ದೂರದ ಕಥೆಯಲ್ಲ. ಆದರೂ ಗೋರಿ ತೋಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಈ ವ್ಯವಸ್ಥೆಯೊಳಗೆ ಕೆಲಸ ಮಾಡಿದ ಒಬ್ಬ ಉಪಾಧ್ಯಾಯ ಮುಂದೆ ಅಮೆರಿಕದ ಅಧ್ಯಕ್ಷನಾದ. ಲಿಂಡನ್ ಜಾನ್ಸನ್ 1928ರಲ್ಲಿ, ಇನ್ನೂ ಕಾಲೇಜು ಮುಗಿಸುವ ಮೊದಲೇ, ಟೆಕ್ಸಸ್‌ನ ಕೊಟುಲ್ಲ ಊರಿನ ಮೆಕ್ಸಿಕನ್ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿದ. ಹುಡುಗರು ಇಂಗ್ಲಿಷನ್ನೇ ಆಡಬೇಕೆಂದು ಪಟ್ಟು ಹಿಡಿದವರಲ್ಲಿ ಅವನೂ ಒಬ್ಬ. ಜೊತೆಗೆ ತನ್ನ ಸಂಬಳದಿಂದ ಅವರಿಗೆ ಆಟದ ಸಾಮಾನು ಕೊಂಡುಕೊಟ್ಟವನೂ ಹೌದು. ಹಸಿದು ಶಾಲೆಗೆ ಬರುತ್ತಿದ್ದ ಆ ಮಕ್ಕಳ ಮುಖವನ್ನು ಅವನು 1965ರಲ್ಲಿ ಮತದಾನದ ಹಕ್ಕಿನ ಮಸೂದೆಗಾಗಿ ಕಾಂಗ್ರೆಸ್ಸಿನ ಮುಂದೆ ಮಾಡಿದ ಭಾಷಣದಲ್ಲಿ ನೆನೆದ. 1968ರ ಜನವರಿಯಲ್ಲಿ ದ್ವಿಭಾಷಾ ಶಿಕ್ಷಣದ ಕಾನೂನಿಗೆ ಸಹಿ ಹಾಕಿದವನೂ ಅವನೇ. ಕೊಟುಲ್ಲದ ಋಣ ತೀರಿಸಿದನೆಂದು ಹೇಳಿಬಿಡಬಹುದು. ಅವನಿಗೆ ಹಾಗನಿಸಿತ್ತೋ ಇಲ್ಲವೋ ತಿಳಿಯದು.

ಅದೇ ವರ್ಷದ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನ ಪೂರ್ವ ಭಾಗದ ಹೈಸ್ಕೂಲುಗಳಿಂದ ಸಾವಿರಾರು ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದರು. ಎರಡು ಭಾಷೆಗಳ ಶಿಕ್ಷಣ ಬೇಕು, ನಮ್ಮ ಚರಿತ್ರೆಯೂ ಪಾಠದಲ್ಲಿ ಬರಬೇಕು ಎಂದು ಕೇಳಿದರು. ಅವರ ಬೆನ್ನಿಗೆ ನಿಂತ ಅಧ್ಯಾಪಕ ಸಾಲ್ ಕಾಸ್ಟ್ರೊ ಬಂಧನಕ್ಕೊಳಗಾದ. 1969ರಲ್ಲಿ ಟೆಕ್ಸಸ್ ತನ್ನ ಹಳೆಯ ಕಾನೂನನ್ನು ಕಿತ್ತುಹಾಕಿತು. ಕಾನೂನು ಹೋದರೂ ರೂಢಿ ಒಡನೆಯೇ ಹೋಗಲಿಲ್ಲ. ನಾಗರಿಕ ಹಕ್ಕುಗಳ ಆಯೋಗ 1972ರಲ್ಲಿ ಪ್ರಕಟಿಸಿದ ವರದಿ, ನೈರುತ್ಯ ರಾಜ್ಯಗಳ ಶಾಲೆಗಳಲ್ಲಿ ಸ್ಪ್ಯಾನಿಷ್ ಆಡಬಾರದೆಂಬ ನಿಯಮವೂ ಶಿಕ್ಷೆಯೂ ಉಳಿದಿರುವುದನ್ನು ದಾಖಲಿಸಿತು.

ಈ ಗಲಾಟೆಯಾವುದೂ 'ಸ್ಪ್ಯಾನಿಷ್ ಎರಡ'ರ ಬಾಗಿಲು ತಟ್ಟಲಿಲ್ಲ. ಅಲ್ಲಿನ ಚಿಂತೆ ಬೇರೆ. 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಆಕಾಶಕ್ಕೆ ಹಾರಿದ್ದೇ ತಡ, 1958ರಲ್ಲಿ ರಾಷ್ಟ್ರರಕ್ಷಣೆಯ ಹೆಸರಿನ ಶಿಕ್ಷಣ ಕಾನೂನು ಬಂತು. ವಿಜ್ಞಾನ, ಗಣಿತಗಳ ಜೊತೆಗೆ ಭಾಷಾ ಬೋಧನೆಗೂ ಹಣ ಹರಿಯಿತು. ಶಾಲೆಗಳಲ್ಲಿ ಟೇಪ್ ರೆಕಾರ್ಡರುಗಳ 'ಭಾಷಾ ಪ್ರಯೋಗಾಲಯ'ಗಳು ಎದ್ದವು. ಮಕ್ಕಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಸಂಭಾಷಣೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದರು. ಎಷ್ಟೋ ವೇಳೆ, ಟೇಪಿನ ಸ್ಪ್ಯಾನಿಷ್ ಕೇಳುತ್ತಿದ್ದ ಆ ಕೊಠಡಿಯನ್ನು ಸಂಜೆ ಗುಡಿಸುತ್ತಿದ್ದ ಹೆಂಗಸು ಸ್ಪ್ಯಾನಿಷ್‌ನವಳೇ ಆಗಿದ್ದಿರಬೇಕು.

ಒಂದು ಕಾಲಕ್ಕೆ ಇವೆರಡು ಸ್ಪ್ಯಾನಿಷ್‌ಗಳು ಒಂದೇ ಕೊಠಡಿಯಲ್ಲಿ ಎದುರಾಗಲೇಬೇಕಾಯಿತು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಹುಡುಗ ಹೈಸ್ಕೂಲಿಗೆ ಬಂದ. ಕಾಲೇಜಿಗೆ ಬೇಕೆಂದು ಅವನೂ ಒಂದು ಭಾಷೆ ಆರಿಸಬೇಕು. ಅವನನ್ನು ಎಲ್ಲಿ ಕೂರಿಸುವುದು? ಮೊದಲ ವರ್ಷದಲ್ಲಿ ಕೂರಿಸಿದರೆ 'ನಮಸ್ಕಾರ, ಹೇಗಿದ್ದೀರಿ' ಎಂಬುದನ್ನು ಆರು ವಾರ ಕೇಳಬೇಕು. ಎರಡನೆಯದರಲ್ಲಿ ಕೂರಿಸಿದರೆ ಇನ್ನೊಂದು ಬಗೆಯ ಪೇಚು. ಅವನಿಗೆ ಮಾತೆಲ್ಲ ಬರುತ್ತದೆ. 'ಕೊಂತೊ', 'ಕೊಂತಾಬ' ತಪ್ಪದೆ ಬಾಯಲ್ಲಿ ಬರುತ್ತವೆ. ಆದರೆ ಅವುಗಳ ಹೆಸರು ತಿಳಿಯದು, ಕಾಗುಣಿತದ ಚಿಹ್ನೆ ಎಲ್ಲಿ ಹಾಕಬೇಕೆಂದು ತಿಳಿಯದು. ಟ್ರಕ್ಕಿಗೆ ಅವನು 'ತ್ರೋಕ' ಎನ್ನುತ್ತಾನೆ, ಪುಸ್ತಕ 'ಕಾಮಿಯೊನ್' ಎನ್ನುತ್ತದೆ. ಕೋಷ್ಟಕ ತುಂಬುವ ಪರೀಕ್ಷೆಯಲ್ಲಿ, ಒಂದು ವಾಕ್ಯ ನೆಟ್ಟಗೆ ಆಡಲಾರದ ಪಕ್ಕದ ಹುಡುಗಿಗೆ ಅವನಿಗಿಂತ ಹೆಚ್ಚು ಅಂಕ ಬರುತ್ತದೆ. ತನ್ನ ತಾಯಿ ಆಡುವುದು ತಪ್ಪು ಭಾಷೆ ಎಂಬ ತೀರ್ಮಾನವನ್ನು ಅವನು ಅಲ್ಲಿಂದ ಮನೆಗೆ ಒಯ್ಯುತ್ತಾನೆ. ಏಟಿಲ್ಲ, ಗೋರಿಯಿಲ್ಲ, ಕೆಂಪು ಶಾಯಿ ಮಾತ್ರ. ಇಂಥವರಿಗಾಗಿ ಬೇರೆ ತರಗತಿ ಬೇಕು, ಅವರ ಮಾತನ್ನು ತಿದ್ದುವುದಲ್ಲ, ಅದರ ಮೇಲೆ ಓದು ಬರಹ ಕಟ್ಟಬೇಕು ಎಂಬ ವಾದ 1970ರ ದಶಕದಿಂದ ಬಲಗೊಂಡಿತು. ಅನೇಕ ಶಾಲೆಗಳಲ್ಲಿ ಅಂಥ ತರಗತಿಗಳಿವೆ. ಇಲ್ಲದ ಶಾಲೆಗಳೂ ಸಾಕಷ್ಟು.

2014–15ನೇ ಶಾಲಾ ವರ್ಷದ ಒಂದು ರಾಷ್ಟ್ರೀಯ ಗಣತಿಯ ಪ್ರಕಾರ ಅಮೆರಿಕದ ಶಾಲೆಗಳಲ್ಲಿ ಬೇರೆ ಭಾಷೆ ಕಲಿಯುತ್ತಿದ್ದ ಮಕ್ಕಳು ಸುಮಾರು 1 ಕೋಟಿ 6 ಲಕ್ಷ, ಅಂದರೆ ಐವರಲ್ಲಿ ಒಬ್ಬರು. ಅವರ ಪೈಕಿ ಸ್ಪ್ಯಾನಿಷ್ ಕಲಿಯುತ್ತಿದ್ದವರು 73 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಮನೆಮಾತಾಗಿ ಸ್ಪ್ಯಾನಿಷ್ ಆಡುವವರು 4 ಕೋಟಿಗೂ ಮಿಕ್ಕು. ಸ್ಪ್ಯಾನಿಷ್ ಕಲಿತವನು ಮಾತಾಡಲು ಜನ ಹುಡುಕಬೇಕಾಗಿಲ್ಲ, ಬೀದಿ ದಾಟಿದರೆ ಸಾಕು. ಆದರೂ ಕೋಲ್ಮನ್ ಕಂಡ ಎರಡು ವರ್ಷದ ಗೆರೆ ಪೂರ್ತಿ ಅಳಿಸಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರವೇಶಕ್ಕೆ ಕೇಳುವುದು ಒಂದು ಭಾಷೆಯ ಎರಡು ವರ್ಷದ ಓದನ್ನು. ಮೂರು ವರ್ಷ ಓದಿದರೆ ಒಳ್ಳೆಯದು ಎಂಬ ಸಲಹೆ ಜೊತೆಗಿದೆ. ಸಲಹೆಗೂ ನಿಯಮಕ್ಕೂ ಇರುವ ವ್ಯತ್ಯಾಸವನ್ನು ಹದಿನಾರರ ಹುಡುಗರಿಗೆ ವಿವರಿಸಬೇಕಾಗಿಲ್ಲ.

ಅದೇ ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ನಿಲ್ಲಿಸುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು, 2016ರಲ್ಲಿ ತಾವೇ ಅದನ್ನು ತಿರುವಿ ಹಾಕಿದರು. ನಡುವೆ, 2011ರಲ್ಲಿ, ಎರಡು ಭಾಷೆಗಳಲ್ಲಿ ಓದು ಬರಹ ಬಲ್ಲ ವಿದ್ಯಾರ್ಥಿಯ ಡಿಪ್ಲೊಮಾಕ್ಕೆ ಒಂದು ಮುದ್ರೆ ಒತ್ತುವ ಕಾನೂನು ಅಲ್ಲಿ ಬಂತು. ಆ ಪದ್ಧತಿ ಇತರ ರಾಜ್ಯಗಳಿಗೂ ಹಬ್ಬಿತು. ಮನೆಯಲ್ಲಿ ಸ್ಪ್ಯಾನಿಷ್ ಕಲಿತ ಮಗುವಿಗೂ ಶಾಲೆಯಲ್ಲಿ ಕಲಿತ ಮಗುವಿಗೂ ಒಂದೇ ಮುದ್ರೆ. ಇನ್ನೊಂದು ಕಡೆ, 2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನು ಅಮೆರಿಕದ ಅಧಿಕೃತ ಭಾಷೆಯೆಂದು ಸಾರುವ ಆಜ್ಞೆಗೆ ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಆ ದೇಶದ ಇತಿಹಾಸದಲ್ಲಿ ಒಕ್ಕೂಟ ಮಟ್ಟದಲ್ಲಿ ಅಂಥ ಘೋಷಣೆ ಅದೇ ಮೊದಲು.

ಮಾರ್ಫದ ಬ್ಲ್ಯಾಕ್‌ವೆಲ್ ಶಾಲೆ 1965ರಲ್ಲಿ ಮುಚ್ಚಿತು. ಅಲ್ಲಿನ ಮಕ್ಕಳನ್ನು ಊರಿನ ಇತರ ಮಕ್ಕಳೊಂದಿಗೆ ಸೇರಿಸಲಾಯಿತು. ಹಳೆಯ ಕಟ್ಟಡ ಬಿದ್ದುಹೋಗದಂತೆ ಅಲ್ಲಿ ಓದಿದವರೇ ಮುಂದೆ ಕಾಪಾಡಿಕೊಂಡರು. 2007ರಲ್ಲಿ, ತಲೆ ನೆರೆತಿದ್ದ ಹಳೆಯ ವಿದ್ಯಾರ್ಥಿಗಳು ಆವರಣದಲ್ಲಿ ಸೇರಿ, 'ಶ್ರೀಮಾನ್ ಸ್ಪ್ಯಾನಿಷ್'ನನ್ನು ಹೊರತೆಗೆಯುವ ಒಂದು ಸಮಾರಂಭ ನಡೆಸಿದರು. ನೆಲದಿಂದ ಎತ್ತಿದ ಪೆಟ್ಟಿಗೆಯಲ್ಲಿದ್ದದ್ದು ಒಂದು ಸ್ಪ್ಯಾನಿಷ್ ನಿಘಂಟು. 2022ರ ಕಾನೂನೊಂದು ಆ ಶಾಲೆಯನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಗುರುತಿಸಿತು, 2024ರಲ್ಲಿ ಅದು ವಿಧಿವತ್ತಾಗಿ ರಾಷ್ಟ್ರೀಯ ಉದ್ಯಾನ ಇಲಾಖೆಯ ಸುಪರ್ದಿಗೆ ಬಂತು.